ಯಾವ ಸೇರಿನಲ್ಲಿ ಅಳೆಯುವುದು? ಭಾರತದ ಹವಾಮಾನ ಗುರಿಗಳ ಅರ್ಧ ಶತಮಾನ

ಮೆಟ್ರಿಕ್ ಪದ್ಧತಿ ಬರುವ ಮೊದಲು ನಮ್ಮ ಕಡೆ ಸೇರು ಊರೂರಿಗೆ ಬೇರೆಯಾಗಿತ್ತು. ಕಚ್ಚಾ ಸೇರು ಒಂದು, ಪಕ್ಕಾ ಸೇರು ಇನ್ನೊಂದು. ಒಂದು ಸಂತೆಯ ಕೊಳಗ ಮತ್ತೊಂದು ಸಂತೆಯ ಕೊಳಗಕ್ಕೆ ಹೊಂದುತ್ತಿರಲಿಲ್ಲ. ಕಣದಲ್ಲಿ ಬಿದ್ದ ರಾಶಿ ಅಷ್ಟೇ ಇದ್ದರೂ ಅದನ್ನು ಯಾರ ಸೇರಿನಲ್ಲಿ ಅಳೆದರು ಎಂಬುದರ ಮೇಲೆ ಕೊಡುವವನ ಪಾಲೂ ಪಡೆಯುವವನ ಪಾಲೂ ನಿರ್ಧಾರವಾಗುತ್ತಿತ್ತು. ಆದ್ದರಿಂದ ಜಗಳ ಹುಟ್ಟುತ್ತಿದ್ದುದು ಧಾನ್ಯದ ಬಗ್ಗೆ ಅಲ್ಲ, ಸೇರಿನ ಬಗ್ಗೆ.

ಹವಾಮಾನ ಬದಲಾವಣೆಯ ಕುರಿತು ರಾಷ್ಟ್ರಗಳ ನಡುವೆ ನಡೆದಿರುವ ಮಾತುಕತೆಯ ಚರಿತ್ರೆಯನ್ನು ಓದುವಾಗ ಈ ಹಳೆಯ ಜಗಳ ನೆನಪಾಗುತ್ತದೆ. ವಾತಾವರಣಕ್ಕೆ ತಿಳಿದಿರುವ ಅಳತೆ ಒಂದೇ: ಅಲ್ಲಿಗೆ ಸೇರಿದ ಅನಿಲ ಎಷ್ಟು ಟನ್ ಎಂಬುದು. ರಾಷ್ಟ್ರಗಳಿಗೆ ಮಾತ್ರ ಅಳತೆಗಳು ಹಲವು. ಒಟ್ಟು ಹೊರಸೂಸುವಿಕೆ, ತಲಾ ಹೊರಸೂಸುವಿಕೆ, ಚಾರಿತ್ರಿಕ ಹೊಣೆ, ಒಂದು ರೂಪಾಯಿ ಉತ್ಪಾದನೆಗೆ ಎಷ್ಟು ಇಂಗಾಲ ಎಂಬ ತೀವ್ರತೆ, ವಿದ್ಯುತ್ ಸ್ಥಾವರಗಳ ಸಾಮರ್ಥ್ಯ, ನಿವ್ವಳ ಶೂನ್ಯದ ವರ್ಷ. ಭೂಮಿಯ ಉಷ್ಣಾಂಶ ಇಷ್ಟನ್ನು ಮೀರಬಾರದು ಎಂಬುದು ಜಗತ್ತಿನ ಗುರಿ. ಆ ಗುರಿಗೆ ಒಂದು ರಾಷ್ಟ್ರದ ಗುರಿ ಹೊಂದುತ್ತದೆಯೇ ಎಂದು ಕೇಳುವ ಮೊದಲು ಯಾವ ಅಳತೆಯಲ್ಲಿ ಎಂದು ಕೇಳಬೇಕಾಗುತ್ತದೆ. ಕಳೆದ ಐದು ದಶಕಗಳಲ್ಲಿ ಭಾರತ ಈ ಪ್ರಶ್ನೆಗೆ ಕೊಟ್ಟ ಉತ್ತರ ಹಲವು ಸಲ ಬದಲಾಗಿದೆ. ಆ ಬದಲಾವಣೆಯ ಹಿಂದೆ ಒಂದು ಎಳೆ ಮಾತ್ರ ಕಡಿಯದೆ ಉಳಿದಿದೆ ಎಂಬುದು ನನ್ನ ಗ್ರಹಿಕೆ.

ಗದ್ದೆಯ ಮೇಲಿನ ಆರೋಪ

1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆಯಿತು. ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಹೋದ ಸರ್ಕಾರದ ಮುಖ್ಯಸ್ಥರೆಂದರೆ ಇಂದಿರಾ ಗಾಂಧಿಯವರೊಬ್ಬರೇ. ಬಡತನ ಮತ್ತು ಕೊರತೆಗಳೇ ಎಲ್ಲಕ್ಕಿಂತ ದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಅವರು ಅಲ್ಲಿ ಕೇಳಿದರು. ಅದು ಪ್ರಶ್ನೆಯಾಗಿತ್ತು, ಮುಂದೆ ಅದನ್ನು ಉದ್ಧರಿಸಿದವರಲ್ಲಿ ಅನೇಕರು ತೀರ್ಪನ್ನಾಗಿ ಮಾಡಿಕೊಂಡರು. ಹವಾಮಾನದ ಮಾತು ಆಗಿನ್ನೂ ರಾಜತಂತ್ರದ ವಿಷಯವಾಗಿರಲಿಲ್ಲ. ಆದರೂ ಮುಂದಿನ ಅರ್ಧ ಶತಮಾನ ಭಾರತ ಯಾವ ಜಾಗದಲ್ಲಿ ನಿಂತು ಮಾತನಾಡಲಿದೆ ಎಂಬುದು ಆ ದಿನವೇ ಗೊತ್ತಾಯಿತು.

1988ರಲ್ಲಿ ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಸ್ಥಾಪನೆಯಾಯಿತು. ಅದೇ ವರ್ಷ ಟೊರಾಂಟೊದಲ್ಲಿ ಸೇರಿದ ಸಮ್ಮೇಳನವು 2005ರ ಹೊತ್ತಿಗೆ ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು ಶೇಕಡ 20ರಷ್ಟು ತಗ್ಗಿಸಬೇಕೆಂದು ಕರೆ ಕೊಟ್ಟಿತು. ಗುರಿ ಬಂದ ಬೆನ್ನಲ್ಲೇ ಹೊಣೆ ಯಾರದು ಎಂಬ ಲೆಕ್ಕ ಶುರುವಾಯಿತು. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 1990ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅತಿ ಹೆಚ್ಚು ಹಸಿರುಮನೆ ಅನಿಲ ಹೊರಸೂಸುವ ಮೊದಲ ಐದು ದೇಶಗಳ ಸಾಲಿನಲ್ಲಿ ಬ್ರೆಜಿಲ್, ಚೀನಾ ಮತ್ತು ಭಾರತ ಸೇರಿದ್ದವು. ಭಾರತದ ಪಾಲು ಅಷ್ಟು ದೊಡ್ಡದಾಗಿ ಕಾಣಲು ಮುಖ್ಯ ಕಾರಣ ಕಾರ್ಖಾನೆಗಳಾಗಿರಲಿಲ್ಲ. ಭತ್ತದ ಗದ್ದೆಗಳಿಂದಲೂ ದನಗಳ ಹೊಟ್ಟೆಯಿಂದಲೂ ಹೊರಬೀಳುವ ಮಿಥೇನ್ ಅಲ್ಲಿ ದೊಡ್ಡ ಅಂಕಿಯಾಗಿತ್ತು.

ಇದಕ್ಕೆ ಉತ್ತರ ಬಂದದ್ದು ದೆಹಲಿಯಿಂದ, ಎರಡು ದಾರಿಗಳಲ್ಲಿ. ಮೊದಲನೆಯದು ತರ್ಕದ ದಾರಿ. ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್‌ನ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಪ್ರಕಟಿಸಿದ ಪುಸ್ತಿಕೆಯೊಂದು ಆ ಲೆಕ್ಕವನ್ನು ಪರಿಸರದ ಹೆಸರಿನ ವಸಾಹತುಶಾಹಿ ಎಂದು ಕರೆಯಿತು. ಅವರ ವಾದ ಸರಳವಾಗಿತ್ತು. ಸಮುದ್ರವೂ ಕಾಡೂ ಪ್ರತಿ ವರ್ಷ ಒಂದಿಷ್ಟು ಇಂಗಾಲವನ್ನು ಹೀರಿಕೊಳ್ಳುತ್ತವೆ. ಈ ಸಾಮರ್ಥ್ಯ ಯಾರ ಆಸ್ತಿ? ಅಮೆರಿಕದ ವರದಿ ಅದನ್ನು ಹೊರಸೂಸುವಿಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿತ್ತು, ಎಂದರೆ ಹೆಚ್ಚು ಹೊಗೆ ಬಿಟ್ಟವನಿಗೆ ಹೆಚ್ಚು ಪಾಲು. ಅಗರ್ವಾಲ್ ಮತ್ತು ನಾರಾಯಣ್ ಅದನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿದರು. ಆಗ ಭಾರತ ಸಾಲಗಾರನ ಸ್ಥಾನದಿಂದ ಹೊರಗೆ ಬಂತು. ಅವರು ಮಾಡಿದ ಇನ್ನೊಂದು ವಿಂಗಡಣೆ ಹೆಚ್ಚು ಕಾಲ ಬಾಳಿತು: ಬದುಕಿಗಾಗಿ ಹೊರಸೂಸುವುದು ಬೇರೆ, ಭೋಗಕ್ಕಾಗಿ ಹೊರಸೂಸುವುದು ಬೇರೆ. ಬಡ ರೈತನ ಗದ್ದೆಯ ಮಿಥೇನನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು ಎಂದರು.

ಎರಡನೆಯದು ಪ್ರಯೋಗದ ದಾರಿ. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.7 ಕೋಟಿ ಟನ್ ಮಿಥೇನ್ ಬರುತ್ತದೆ ಎಂಬ ಅಮೆರಿಕದ ಅಂದಾಜು ಆಗ ಚಲಾವಣೆಯಲ್ಲಿತ್ತು. ನಮ್ಮ ಗದ್ದೆಗಳಲ್ಲಿ ಯಾರೂ ಅದನ್ನು ವಿಸ್ತಾರವಾಗಿ ಅಳೆದಿರಲಿಲ್ಲ. ಬೇರೆ ನಾಡುಗಳ ಬೇರೆ ಮಣ್ಣಿನಲ್ಲಿ ಕಂಡದ್ದನ್ನು ನಮ್ಮ ಎಕರೆಗಳಿಗೆ ಗುಣಿಸಿ ತೆಗೆದ ಅಂಕಿ ಅದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ಹಲವು ಭತ್ತದ ಪ್ರದೇಶಗಳಲ್ಲಿ ಅಳತೆ ನಡೆಯಿತು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗೆ ಕೂಡಿಕೊಂಡ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು, ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸವದು. ಲೆಕ್ಕ ಸುಮಾರು 40 ಲಕ್ಷ ಟನ್ನಿಗೆ ಬಂದು ನಿಂತಿತು. ಹೊರಗಿನ ಅಂದಾಜಿನ ಹತ್ತರಲ್ಲಿ ಒಂದು ಪಾಲು ಮಾತ್ರ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಜೈವಿಕ ಪದಾರ್ಥವನ್ನು ಕೊಳೆಸಿ ಮಿಥೇನ್ ಮಾಡುತ್ತವೆ. ನಮ್ಮ ಮಣ್ಣಿನಲ್ಲಿ ಆ ಪದಾರ್ಥವೇ ಕಡಿಮೆ. ಮಳೆಯನ್ನೇ ನಂಬಿದ ಎಷ್ಟೋ ಗದ್ದೆಗಳಲ್ಲಿ ನೀರು ಹಂಗಾಮು ಪೂರ್ತಿ ನಿಲ್ಲುವುದೂ ಇಲ್ಲ.

ಈ ಘಟನೆ ಭಾರತದ ರಾಜತಂತ್ರದ ಮನಸ್ಸಿನಲ್ಲಿ ಆಳವಾಗಿ ಉಳಿಯಿತು. ಪರರ ಸೇರಿನಲ್ಲಿ ಅಳೆಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದು ದೃಷ್ಟಾಂತವಾಯಿತು. ಮುಂದೆ ಭಾರತ ಗುರಿ ಪ್ರಕಟಿಸಿದಾಗಲೆಲ್ಲ ಕೃಷಿಯನ್ನು ಅದರ ಕಟ್ಟುಪಾಡಿನಿಂದ ಹೊರಗಿಟ್ಟದ್ದರ ಮೂಲ ಇಲ್ಲಿದೆ.

ಒಂದೇ ಒಪ್ಪಂದದ ಎರಡು ವಿಧಿಗಳು

1992ರಲ್ಲಿ ರಿಯೊದಲ್ಲಿ ಸಹಿಯಾದ ಹವಾಮಾನ ಒಡಂಬಡಿಕೆಯ ಎರಡನೆಯ ವಿಧಿಯು ವಾತಾವರಣದ ಹಸಿರುಮನೆ ಅನಿಲಗಳನ್ನು ಅಪಾಯವಾಗದ ಮಟ್ಟದಲ್ಲಿ ನಿಲ್ಲಿಸಬೇಕೆಂದು ಹೇಳುತ್ತದೆ. ಮೂರನೆಯ ವಿಧಿಯು ರಾಷ್ಟ್ರಗಳ ಹೊಣೆ ಸಮಾನವಾದದ್ದು ಆದರೆ ಭಿನ್ನವಾದದ್ದು, ಅದು ಅವರವರ ಶಕ್ತಿಗೆ ತಕ್ಕಂತೆ ಇರಬೇಕು ಎನ್ನುತ್ತದೆ. ಮೊದಲನೆಯದು ಭೌತವಿಜ್ಞಾನದ ಮಾತು, ಎರಡನೆಯದು ನ್ಯಾಯದ ಮಾತು. ಇವೆರಡನ್ನೂ ಒಂದೇ ಕಾಗದದಲ್ಲಿ ಬರೆದವರು ಒಂದರಿಂದ ಇನ್ನೊಂದಕ್ಕೆ ಹೋಗುವ ಲೆಕ್ಕವನ್ನು ಬರೆಯಲಿಲ್ಲ. ಅಪಾಯದ ಮಟ್ಟ ಯಾವುದು ಎಂಬುದೂ ಅಲ್ಲಿರಲಿಲ್ಲ, ಯಾರ ಪಾಲು ಎಷ್ಟು ಎಂಬುದೂ ಇರಲಿಲ್ಲ.

1997ರ ಕ್ಯೋಟೊ ಒಪ್ಪಂದದಲ್ಲಿ ಕೈಗಾರಿಕಾ ರಾಷ್ಟ್ರಗಳು ಮಾತ್ರ 1990ರ ಮಟ್ಟದಿಂದ ಸರಾಸರಿ ಶೇಕಡ 5ರಷ್ಟು ಇಳಿಸಲು ಒಪ್ಪಿದವು. ಭಾರತಕ್ಕೆ ಯಾವ ಗುರಿಯೂ ಇರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸೆನೆಟ್ ಅಭಿವೃದ್ಧಿಶೀಲ ರಾಷ್ಟ್ರಗಳಿಗೂ ಕಟ್ಟುಪಾಡಿಲ್ಲದ ಒಪ್ಪಂದ ತಮಗೆ ಬೇಡವೆಂದು 95–0 ಮತಗಳಿಂದ ನಿರ್ಣಯಿಸಿತ್ತು. ಹೆಚ್ಚು ಹೊಗೆ ಬಿಟ್ಟವನು ಒಪ್ಪಂದದ ಹೊರಗೆ ಉಳಿದ. ಕಡಿಮೆ ಬಿಟ್ಟವನಿಗೆ ಒಪ್ಪಂದದಲ್ಲಿ ಕೆಲಸವಿರಲಿಲ್ಲ.

ಒಂದು ಚಾವಣಿಯ ವಾಗ್ದಾನ

2007ರ ಜೂನ್‌ನಲ್ಲಿ ಜರ್ಮನಿಯ ಹೈಲಿಗೆಂಡಾಮ್‌ನಲ್ಲಿ ಶ್ರೀಮಂತ ರಾಷ್ಟ್ರಗಳ ಶೃಂಗಸಭೆಗೆ ಹೋಗಿದ್ದ ಪ್ರಧಾನಿ ಮನಮೋಹನ್ ಸಿಂಗ್ ಒಂದು ಮಾತು ಕೊಟ್ಟರು: ಭಾರತದ ತಲಾ ಹೊರಸೂಸುವಿಕೆ ಯಾವ ಕಾಲಕ್ಕೂ ಅಭಿವೃದ್ಧಿ ಹೊಂದಿದ ರಾಷ್ಟ್ರಗಳ ತಲಾ ಹೊರಸೂಸುವಿಕೆಯನ್ನು ಮೀರುವುದಿಲ್ಲ. 2008ರ ಜೂನ್ 30ರಂದು ಬಿಡುಗಡೆಯಾದ ರಾಷ್ಟ್ರೀಯ ಕ್ರಿಯಾಯೋಜನೆಯಲ್ಲಿ ಈ ಮಾತು ಮತ್ತೆ ಬಂತು.

ಆಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಭಾರತೀಯನ ಸರಾಸರಿ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಒಂದೂಕಾಲು ಟನ್ನಿನ ಆಸುಪಾಸಿನಲ್ಲಿತ್ತು, ಅಮೆರಿಕನ್ನನದು 19 ಟನ್ನನ್ನು ಮೀರಿತ್ತು. ಮುಟ್ಟಲಾಗದಷ್ಟು ಎತ್ತರದ ಚಾವಣಿಯನ್ನು ಮೀರುವುದಿಲ್ಲ ಎನ್ನುವುದು ಯಾವ ದೊಡ್ಡ ತ್ಯಾಗ ಎಂದು ಕೇಳಿದರು. ಆದರೆ ಆ ಚಾವಣಿ ಸ್ಥಿರವಾದದ್ದಲ್ಲ. ಅದನ್ನು ಇಳಿಸುವ ಕೀಲಿ ಶ್ರೀಮಂತ ರಾಷ್ಟ್ರಗಳ ಕೈಯಲ್ಲೇ ಇತ್ತು. ನೀವು ಇಳಿಸಿದಷ್ಟೂ ನಾವು ಬಾಗುತ್ತೇವೆ ಎಂಬುದು ಆ ಮಾತಿನ ಒಳಾರ್ಥ. ಈ ವಾಗ್ದಾನ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಅದೇ ವರ್ಷ ಗ್ರೀನ್‌ಪೀಸ್‌ನ ಭಾರತ ಶಾಖೆ ಪ್ರಕಟಿಸಿದ ವರದಿಯೊಂದು ಈ ತಲಾ ಲೆಕ್ಕವನ್ನು ಒಳಮುಖವಾಗಿ ತಿರುಗಿಸಿತು. ತಿಂಗಳಿಗೆ 30,000 ರೂಪಾಯಿಗಿಂತ ಹೆಚ್ಚು ಆದಾಯವುಳ್ಳ ಭಾರತೀಯನ ಹೊರಸೂಸುವಿಕೆ 3,000 ರೂಪಾಯಿಗಿಂತ ಕಡಿಮೆ ಆದಾಯದವನದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಎಂದು ಅದು ಲೆಕ್ಕ ಹಾಕಿತು. ದೇಶದ ಸರಾಸರಿ ಕಡಿಮೆಯಿರುವುದು ಬಡವರ ದೆಸೆಯಿಂದ. ಆ ಸರಾಸರಿಯ ನೆರಳಿನಲ್ಲಿ ಉಳ್ಳವರು ಅಡಗಿದ್ದಾರೆ ಎಂಬುದು ಅದರ ಆಕ್ಷೇಪ. ಬದುಕಿನ ಹೊಗೆ ಬೇರೆ, ಭೋಗದ ಹೊಗೆ ಬೇರೆ ಎಂದು 1991ರಲ್ಲಿ ಜಗತ್ತಿಗೆ ಹೇಳಿದ ಮಾತು ನಮ್ಮ ಮನೆಬಾಗಿಲಿಗೇ ಬಂದು ನಿಂತಿತು.

ಇಳಿಯುತ್ತಲೇ ಏರುವ ಅಂಕಿ

2009ರ ಜುಲೈನಲ್ಲಿ ಇಟಲಿಯ ಲಾಕ್ವಿಲಾದಲ್ಲಿ ಸೇರಿದ ದೊಡ್ಡ ಆರ್ಥಿಕತೆಗಳ ಸಭೆ ಉಷ್ಣಾಂಶದ ಏರಿಕೆ 2 ಡಿಗ್ರಿಯನ್ನು ಮೀರಬಾರದೆಂಬ ವೈಜ್ಞಾನಿಕ ಅಭಿಪ್ರಾಯವನ್ನು ಮಾನ್ಯ ಮಾಡಿತು. ಐರೋಪ್ಯ ಒಕ್ಕೂಟ 1996ರಲ್ಲೇ ಸ್ವೀಕರಿಸಿದ್ದ ಮಿತಿ ಇದು. ಭಾರತವೂ ಆ ಹೇಳಿಕೆಗೆ ಸೇರಿತು, ಸ್ವದೇಶದಲ್ಲಿ ಟೀಕೆ ಎದ್ದಿತು. ತಾಪಮಾನದ ಒಂದು ಅಂಕಿಗೆ ಇಷ್ಟು ಅಂಜಿಕೆಯೇಕೆ ಎಂದು ಇಂದು ಅನಿಸಬಹುದು. ಅಂಜಿಕೆಗೆ ಕಾರಣವಿತ್ತು. ತಾಪಮಾನದ ಮಿತಿಯನ್ನು ಒಪ್ಪಿದೊಡನೆ ಇನ್ನು ಒಟ್ಟು ಎಷ್ಟು ಇಂಗಾಲ ಬಿಡಬಹುದು ಎಂಬ ರಾಶಿಯ ಗಾತ್ರ ನಿಗದಿಯಾಗಿಬಿಡುತ್ತದೆ. ರಾಶಿ ನಿಗದಿಯಾಗಿ ಪಾಲು ನಿಗದಿಯಾಗದೆ ಉಳಿದರೆ, ಮುಂಚೆ ಬಂದವರು ತುಂಬಿಕೊಂಡು ಹೋದ ಮೇಲೆ ಉಳಿದದ್ದೇ ಕೊನೆಯವನ ಪಾಲು.

ಆ ವರ್ಷದ ನವೆಂಬರ್ 26ರಂದು ಚೀನಾ ತನ್ನ ಆರ್ಥಿಕತೆಯ ಇಂಗಾಲ ತೀವ್ರತೆಯನ್ನು ಶೇಕಡ 40ರಿಂದ 45ರಷ್ಟು ಇಳಿಸುವುದಾಗಿ ಪ್ರಕಟಿಸಿತು. ಡಿಸೆಂಬರ್ 3ರಂದು ಲೋಕಸಭೆಯಲ್ಲಿ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಭಾರತದ ಮೊದಲ ಅಂಕಿಯನ್ನು ಹೇಳಿದರು: 2005ಕ್ಕೆ ಹೋಲಿಸಿದರೆ 2020ರ ಹೊತ್ತಿಗೆ ಶೇಕಡ 20ರಿಂದ 25ರಷ್ಟು ಕಡಿಮೆ ತೀವ್ರತೆ. ಇದು ಸ್ವಯಂಪ್ರೇರಿತವಾದದ್ದು, ಅಂತರರಾಷ್ಟ್ರೀಯ ಕಾನೂನಿನ ಕಟ್ಟುಪಾಡು ಅಲ್ಲ, ಹೊರಸೂಸುವಿಕೆ ಇಂಥ ವರ್ಷ ಶಿಖರ ಮುಟ್ಟಿ ಇಳಿಯುತ್ತದೆ ಎಂಬ ಮಾತನ್ನೂ ಭಾರತ ಒಪ್ಪುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಮುಂದಿನ ಜನವರಿಯಲ್ಲಿ ವಿಶ್ವಸಂಸ್ಥೆಗೆ ಕಳಿಸಿದ ಪತ್ರದಲ್ಲಿ ಕೃಷಿಯ ಹೊರಸೂಸುವಿಕೆ ಈ ಲೆಕ್ಕಕ್ಕೆ ಸೇರದು ಎಂಬ ವಾಕ್ಯವಿತ್ತು.

ತೀವ್ರತೆ ಎಂಬುದು ಒಂದು ಭಾಗಾಕಾರ. ಒಟ್ಟು ಹೊರಸೂಸುವಿಕೆಯನ್ನು ಒಟ್ಟು ದೇಶೀಯ ಉತ್ಪನ್ನದಿಂದ ಭಾಗಿಸಿದರೆ ಬರುವ ಅಂಕಿ. ಛೇದ ವೇಗವಾಗಿ ಬೆಳೆದರೆ ಅಂಶ ಬೆಳೆಯುತ್ತಿದ್ದರೂ ಭಾಗಲಬ್ಧ ಇಳಿಯುತ್ತದೆ. ಆರ್ಥಿಕತೆ ವರ್ಷಕ್ಕೆ ಶೇಕಡ 6ರಂತೆ ಬೆಳೆಯಿತೆನ್ನಿ. 2005ರಿಂದ 2030ರ 25 ವರ್ಷಗಳಲ್ಲಿ ಅದು ಸುಮಾರು ನಾಲ್ಕೂಕಾಲು ಪಟ್ಟಾಗುತ್ತದೆ. ಈ ಅವಧಿಯಲ್ಲಿ ತೀವ್ರತೆ ಶೇಕಡ 45ರಷ್ಟು ತಗ್ಗಿದರೂ ಒಟ್ಟು ಹೊರಸೂಸುವಿಕೆ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಇನ್ನೂ ಕೋಟ್ಯಂತರ ಮನೆಗಳಿಗೆ ಸರಿಯಾದ ವಿದ್ಯುತ್ ಮುಟ್ಟಿಸಬೇಕಿದ್ದ ದೇಶಕ್ಕೆ ಬೆಳೆಯುವ ಅವಕಾಶ ಉಳಿಸಿಕೊಂಡು ದಕ್ಷತೆಯನ್ನು ಹೆಚ್ಚಿಸಿಕೊಳ್ಳುವ ಪ್ರಾಮಾಣಿಕ ಅಳತೆ ಅದು. ಆದರೆ ವಾತಾವರಣಕ್ಕೆ ಭಾಗಾಕಾರ ಬರುವುದಿಲ್ಲ, ಕೂಡುವುದೊಂದೇ ಗೊತ್ತು.

ಕೋಪನ್‌ಹೇಗನ್ ಸಭೆ ಡಿಸೆಂಬರ್ 18ರ ರಾತ್ರಿ ಒಂದು ಅರೆಬರೆ ಒಪ್ಪಂದದಲ್ಲಿ ಮುಗಿಯಿತು. ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾಗಳ ನಾಯಕರು ಕುಳಿತಿದ್ದ ಕೋಣೆಗೆ ಒಬಾಮಾ ಬಂದು ಸೇರಿ ಕರಡನ್ನು ಇತ್ಯರ್ಥ ಮಾಡಿದ ಪ್ರಸಂಗ ಅಂದಿನ ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು. ಆ ಒಪ್ಪಂದದಿಂದ ಎರಡು ಸಂಗತಿಗಳು ಉಳಿದವು: 2 ಡಿಗ್ರಿಯ ಮಿತಿ, ಮತ್ತು 2020ರ ಹೊತ್ತಿಗೆ ಬಡ ರಾಷ್ಟ್ರಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಮಾತು. ಆ ಹಣ ಪೂರ್ತಿಯಾಗಿ ಸೇರಿತೆಂದು ಶ್ರೀಮಂತ ರಾಷ್ಟ್ರಗಳ ಸಂಘಟನೆಯೇ ಹೇಳಿದ್ದು 2022ರ ಲೆಕ್ಕದಲ್ಲಿ, ಎರಡು ವರ್ಷ ತಡವಾಗಿ.

ಮೇಲಿಂದ ಕೆಳಕ್ಕಲ್ಲ, ಕೆಳಗಿಂದ ಮೇಲಕ್ಕೆ

2015ರ ಪ್ಯಾರಿಸ್ ಒಪ್ಪಂದ ಹಳೆಯ ಜಗಳವನ್ನು ಬಗೆಹರಿಸಲಿಲ್ಲ, ಅದರಿಂದ ಪಕ್ಕಕ್ಕೆ ಸರಿಯಿತು. ಜಾಗತಿಕ ಗುರಿಯನ್ನು ಇನ್ನಷ್ಟು ಬಿಗಿಗೊಳಿಸಿ, ಏರಿಕೆ 2 ಡಿಗ್ರಿಗಿಂತ ಸಾಕಷ್ಟು ಕೆಳಗಿರಬೇಕು, 1.5ಕ್ಕೆ ನಿಲ್ಲಿಸಲು ಯತ್ನಿಸಬೇಕು ಎಂದಿತು. 1.5ರ ಹಿಂದೆ ಇದ್ದುದು ಮುಳುಗಡೆಯ ಭೀತಿಯಲ್ಲಿರುವ ದ್ವೀಪ ರಾಷ್ಟ್ರಗಳ ವರ್ಷಗಳ ಒತ್ತಾಯ. ಪಾಲನ್ನು ಮಾತ್ರ ಹಂಚದೆ ಆಯಾ ರಾಷ್ಟ್ರಕ್ಕೇ ಬಿಟ್ಟಿತು. ಪ್ರತಿಯೊಬ್ಬರೂ ತಮ್ಮ ಸೇರಿನಲ್ಲಿ ತಾವೇ ಅಳೆದು ತರಲಿ, ಐದು ವರ್ಷಕ್ಕೊಮ್ಮೆ ಹೆಚ್ಚಿಸಲಿ ಎಂಬುದು ವ್ಯವಸ್ಥೆ.

ಭಾರತ ಗಾಂಧಿ ಜಯಂತಿಯ ಹೊತ್ತಿಗೆ ತನ್ನ ಪಟ್ಟಿಯನ್ನು ಒಪ್ಪಿಸಿತು: 2030ರ ಹೊತ್ತಿಗೆ ತೀವ್ರತೆಯಲ್ಲಿ ಶೇಕಡ 33ರಿಂದ 35ರ ಇಳಿಕೆ, ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದಲ್ಲಿ ಶೇಕಡ 40 ಪಳೆಯುಳಿಕೆಯೇತರ ಮೂಲಗಳಿಂದ, ಕಾಡು ಬೆಳೆಸಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಸುವುದು. ಕೃಷಿ ಸೇರಿದಂತೆ ಯಾವ ಒಂದು ಕ್ಷೇತ್ರಕ್ಕೂ ಇದು ಕಟ್ಟುಪಾಡಾಗದು ಎಂಬ ವಾಕ್ಯ ಇಲ್ಲಿಯೂ ಇತ್ತು. ಎಲ್ಲ ರಾಷ್ಟ್ರಗಳ ಪಟ್ಟಿಗಳನ್ನು ಕೂಡಿಸಿ ನೋಡಿದಾಗ ಈ ಶತಮಾನದ ಕೊನೆಗೆ ಏರಿಕೆ ಸುಮಾರು 2.7 ಡಿಗ್ರಿಗೆ ಹೋಗುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಕಚೇರಿ ಅದೇ ಅಕ್ಟೋಬರ್‌ನಲ್ಲಿ ಹೇಳಿತು. ಎಲ್ಲರೂ ತಮ್ಮ ತಮ್ಮ ಸೇರಿನಲ್ಲಿ ಅಳೆದು ತಂದದ್ದು ರಾಶಿಗೆ ಸಾಲಲಿಲ್ಲ.

2018ರಲ್ಲಿ ಐಪಿಸಿಸಿ 1.5 ಡಿಗ್ರಿಯ ಕುರಿತು ವಿಶೇಷ ವರದಿ ಹೊರತಂದಿತು. ಆ ಮಿತಿಯಲ್ಲಿ ನಿಲ್ಲಬೇಕಾದರೆ ಜಗತ್ತಿನ ಇಂಗಾಲದ ಡೈಆಕ್ಸೈಡ್ 2010ಕ್ಕಿಂತ 2030ರಲ್ಲಿ ಶೇಕಡ 45ರಷ್ಟು ತಗ್ಗಿ, 2050ರ ಆಸುಪಾಸಿನಲ್ಲಿ ನಿವ್ವಳ ಶೂನ್ಯಕ್ಕೆ ಬರಬೇಕು ಎಂದಿತು. ಆವರೆಗೆ ತಜ್ಞರ ಬಾಯಲ್ಲಿದ್ದ ನಿವ್ವಳ ಶೂನ್ಯ ಎಂಬ ಮಾತು ಈಗ ಸರ್ಕಾರಗಳ ಬಾಯಿಗೆ ಬಂತು. ಬ್ರಿಟನ್ 2019ರಲ್ಲಿ 2050ರ ಗುರಿಯನ್ನು ಕಾನೂನಾಗಿಸಿತು. ಚೀನಾ 2020ರಲ್ಲಿ 2060 ಎಂದಿತು. ಭಾರತದ ಮೇಲೆ ಒತ್ತಡ ಹೆಚ್ಚಿತು. 2021ರ ಮಾರ್ಚ್‌ನಲ್ಲಿ ಅಂದಿನ ಇಂಧನ ಸಚಿವ ಆರ್. ಕೆ. ಸಿಂಗ್ ಅಂತರರಾಷ್ಟ್ರೀಯ ಸಭೆಯೊಂದರಲ್ಲಿ ದೂರದ ವರ್ಷಗಳ ಇಂಥ ವಾಗ್ದಾನಗಳನ್ನು ಆಕಾಶಪುಷ್ಪದಂತೆ ಕಂಡು ತಳ್ಳಿಹಾಕಿದರು.

ಏಳು ತಿಂಗಳ ನಂತರ, ನವೆಂಬರ್ 1ರಂದು, ಗ್ಲಾಸ್ಗೋದಲ್ಲಿ ಪ್ರಧಾನಿ ನರೇಂದ್ರ ಮೋದಿ ಪಂಚಾಮೃತವೆಂದು ಕರೆದ ಐದು ಗುರಿಗಳನ್ನು ಪ್ರಕಟಿಸಿದರು. 2030ರ ಹೊತ್ತಿಗೆ ಪಳೆಯುಳಿಕೆಯೇತರ ಸಾಮರ್ಥ್ಯ 500 ಗಿಗಾವ್ಯಾಟ್; ಇಂಧನದ ಅಗತ್ಯದಲ್ಲಿ ಶೇಕಡ 50 ನವೀಕರಿಸಬಹುದಾದ ಮೂಲಗಳಿಂದ; ಅಂದಾಜಿಸಿದ್ದ ಹೊರಸೂಸುವಿಕೆಯಲ್ಲಿ 100 ಕೋಟಿ ಟನ್ ಕಡಿತ; ತೀವ್ರತೆಯಲ್ಲಿ ಶೇಕಡ 45ರ ಇಳಿಕೆ; 2070ಕ್ಕೆ ನಿವ್ವಳ ಶೂನ್ಯ. ಅದೇ ಸಭೆಯ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ಪೂರ್ತಿ ಕೈಬಿಡುವುದೆಂಬ ಮಾತನ್ನು ಹಂತಹಂತವಾಗಿ ಕಡಿಮೆ ಮಾಡುವುದೆಂದು ತಿದ್ದಿಸಿದವರು ಸಚಿವ ಭೂಪೇಂದ್ರ ಯಾದವ್. ಅಧ್ಯಕ್ಷ ಅಲೋಕ್ ಶರ್ಮಾ ಕಣ್ಣೀರು ತಡೆದುಕೊಂಡದ್ದನ್ನು ಜಗತ್ತು ನೋಡಿತು. ಕಲ್ಲಿದ್ದಲನ್ನು ಹೆಸರಿಸಿದಂತೆ ತೈಲವನ್ನೂ ನೈಸರ್ಗಿಕ ಅನಿಲವನ್ನೂ ಏಕೆ ಹೆಸರಿಸಲಿಲ್ಲ ಎಂಬ ಭಾರತದ ಪ್ರಶ್ನೆ ಅಷ್ಟಾಗಿ ಸುದ್ದಿಯಾಗಲಿಲ್ಲ.

2022ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದ ಅಧಿಕೃತ ಪಟ್ಟಿಯನ್ನು ಗ್ಲಾಸ್ಗೋದ ಭಾಷಣದ ಪಕ್ಕದಲ್ಲಿಟ್ಟು ಓದಬೇಕು. ಶೇಕಡ 45ರ ತೀವ್ರತೆ ಉಳಿದಿದೆ. ಇಂಧನದ ಅಗತ್ಯದಲ್ಲಿ ಶೇಕಡ 50 ಎಂಬುದು ವಿದ್ಯುತ್ ಸಾಮರ್ಥ್ಯದಲ್ಲಿ ಶೇಕಡ 50 ಆಗಿದೆ. 500 ಗಿಗಾವ್ಯಾಟ್ ಇಲ್ಲ. 100 ಕೋಟಿ ಟನ್ನಿನ ಕಡಿತವೂ ಇಲ್ಲ. ಐದರಲ್ಲಿ ವಾತಾವರಣದ ಭಾಷೆಯಲ್ಲಿ, ಎಂದರೆ ಟನ್ನುಗಳಲ್ಲಿ, ಹೇಳಿದ್ದ ಗುರಿ ಅದೊಂದೇ.

ಪಾವಗಡದ ಬಿಸಿಲು

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. 2025ರ ಜೂನ್‌ನಲ್ಲಿ ಭಾರತದ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್ ಇದ್ದಾಗ ಅದರಲ್ಲಿ ಅರ್ಧದಷ್ಟು ಪಳೆಯುಳಿಕೆಯೇತರವಾಗಿತ್ತು. 2030ರ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಇದು ನಿಜವಾದ ಸಾಧನೆ. ಆದರೆ ಸೌರಫಲಕ ದಿನದ ಕೆಲವೇ ಗಂಟೆ ಪೂರ್ಣವಾಗಿ ದುಡಿಯುತ್ತದೆ, ಕಲ್ಲಿದ್ದಲಿನ ಸ್ಥಾವರ ರಾತ್ರಿಯೂ ಉರಿಯುತ್ತದೆ. ಹೀಗಾಗಿ ನಾವು ಬಳಸುವ ವಿದ್ಯುತ್ತಿನಲ್ಲಿ ಶೇಕಡ 70ಕ್ಕೂ ಹೆಚ್ಚು ಈಗಲೂ ಕಲ್ಲಿದ್ದಲಿನದೇ. 2024–25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ 100 ಕೋಟಿ ಟನ್ ದಾಟಿತು. ಇನ್ನೊಂದು ಕಡೆ 2005ರಿಂದ 2020ರ ನಡುವೆ ತೀವ್ರತೆ ಶೇಕಡ 36ರಷ್ಟು ಇಳಿಯಿತೆಂದು ಸರ್ಕಾರದ ವರದಿ ಹೇಳುತ್ತದೆ. 2009ರ ಮಾತನ್ನು ಮೀರಿ ಉಳಿಸಿಕೊಂಡದ್ದು ಸತ್ಯ. 1994ರಲ್ಲಿ ಸುಮಾರು 123 ಕೋಟಿ ಟನ್ ಇದ್ದ ಒಟ್ಟು ಹೊರಸೂಸುವಿಕೆ, ಕಾಡು ಮತ್ತು ಭೂಬಳಕೆಯ ಲೆಕ್ಕ ಬಿಟ್ಟರೆ, 2020ರಲ್ಲಿ 296 ಕೋಟಿ ಟನ್ ಆದದ್ದೂ ಸತ್ಯ. 1994ರಲ್ಲಿ ಕೃಷಿಯ ಪಾಲು ಶೇಕಡ 28 ಇತ್ತು, 2020ರಲ್ಲಿ ಸುಮಾರು 14. ಒಂದು ಕಾಲದಲ್ಲಿ ಆರೋಪಿಯಾಗಿ ನಿಂತಿದ್ದ ಗದ್ದೆ ಪಕ್ಕಕ್ಕೆ ಸರಿದು ಇಂಧನವೇ ಮುಕ್ಕಾಲು ಪಾಲು ತುಂಬಿದೆ. ಬದುಕಿನ ಹೊಗೆ ಎಂಬ ವಾದಕ್ಕೆ ಇದ್ದ ಆಸರೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತಿದೆ. ಗದ್ದೆಯಲ್ಲೂ ನೀರನ್ನು ಆಗಾಗ ಆರಿಸಿ ಮತ್ತೆ ಹಾಯಿಸಿದರೆ ಮಿಥೇನೂ ತಗ್ಗುತ್ತದೆ, ನೀರೂ ಉಳಿಯುತ್ತದೆ. ಪರರ ಅಳತೆಯನ್ನು ನಿರಾಕರಿಸಿದ್ದು ಸರಿ. ಅದರಿಂದ ನಮಗೇ ಆಗುವ ಲಾಭವನ್ನು ನಿರಾಕರಿಸಬೇಕಾಗಿಲ್ಲ.

ದೆಹಲಿಯ ಅಂಕಿ ನೆಲಕ್ಕಿಳಿಯುವುದು ಎಲ್ಲಿ ಎಂದು ನೋಡಬೇಕಾದರೆ ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಬೇಕು. ಬರಕ್ಕೆ ಹೆಸರಾದ ಆ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಮಳೆ ಬಾರದ ವರ್ಷವೂ ಹಣ ಬರುವ ಈ ಏರ್ಪಾಡು ಅನೇಕ ರೈತರಿಗೆ ನೆಮ್ಮದಿ ತಂದಿತು. ಆದರೆ ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಕುರಿ ಕಾಯುವವರಿಗೆ ಮೇವಿನ ನೆಲ ಬೇಲಿಯೊಳಗೆ ಹೋಯಿತು. ಒಟ್ಟು ಒಳ್ಳೆಯದಾಯಿತು, ಪಾಲು ಸಮನಾಗಲಿಲ್ಲ. ರಿಯೊದಲ್ಲಿ ಬಿಡಿಸಲಾಗದ ಲೆಕ್ಕವೇ ಇಲ್ಲಿಯೂ ಉಳಿದಿದೆ.

ಇಳಿದು ಬರುತ್ತಿರುವ ಚಾವಣಿ

ಈಗ ಹೈಲಿಗೆಂಡಾಮ್‌ನ ವಾಗ್ದಾನಕ್ಕೆ ಮರಳಬಹುದು. 1990ರಲ್ಲಿ ಸುಮಾರು 10 ಟನ್ ಇದ್ದ ಬ್ರಿಟನ್ನಿನ ತಲಾ ಇಂಗಾಲದ ಡೈಆಕ್ಸೈಡ್ ಈಗ 5 ಟನ್ನಿಗಿಂತ ಕೆಳಗಿದೆ. ಭಾರತದ್ದು 2 ಟನ್ ಮುಟ್ಟಿದೆ. ಮುಟ್ಟಲಾಗದು ಎಂದುಕೊಂಡಿದ್ದ ಚಾವಣಿ ಕೆಲವು ಕಡೆಗಳಲ್ಲಾದರೂ ತಲೆಗೆ ತಾಗುವಷ್ಟು ಇಳಿಯುತ್ತಿದೆ. ಶ್ರೀಮಂತ ರಾಷ್ಟ್ರಗಳು ಹೇಳಿದಂತೆ 2050ಕ್ಕೆ ಶೂನ್ಯ ತಲುಪಿದರೆ ಅವರನ್ನು ಮೀರುವುದಿಲ್ಲ ಎಂಬ ನಮ್ಮ ಮಾತಿನ ಅರ್ಥವೂ ಶೂನ್ಯವೇ ಆಗುತ್ತದೆ. 2070 ಎಂಬ ವರ್ಷ ಆ ಮಾತಿಗೆ 20 ವರ್ಷದ ವಿನಾಯಿತಿ ಸೇರಿಸಿದಂತೆ. ಇದನ್ನು ಬೇಡುವ ಹಕ್ಕು ನಮಗಿದೆ. 1850ರಿಂದ 2019ರವರೆಗೆ ಜಗತ್ತು ಬಿಟ್ಟ ಸುಮಾರು 2,39,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ನಲ್ಲಿ ಭಾರತದ ಪಾಲು ಸುಮಾರು ಶೇಕಡ 4. ಜನಸಂಖ್ಯೆಯಲ್ಲಿ ಅದರ ಪಾಲು ಶೇಕಡ 17ಕ್ಕೂ ಹೆಚ್ಚು.

ಇಂದಿರಾ ಗಾಂಧಿಯವರ ಪ್ರಶ್ನೆ, ಅಗರ್ವಾಲ್ ಮತ್ತು ನಾರಾಯಣ್ ಅವರ ಲೆಕ್ಕ, ಮನಮೋಹನ್ ಸಿಂಗ್ ಅವರ ಚಾವಣಿ, ಮೋದಿಯವರ 2070: ಪಕ್ಷ ಬದಲಾದರೂ ಕಾಲ ಬದಲಾದರೂ ಈ ನಾಲ್ಕರಲ್ಲಿ ಒಂದೇ ಎಳೆ ಇದೆ, ತಲೆಗೊಂದು ಸಮಪಾಲು ಎಂಬ ನ್ಯಾಯದ ಎಳೆ. ನ್ಯಾಯದ ಅಳತೆಯೂ ವಾತಾವರಣದ ಅಳತೆಯೂ ಪರಸ್ಪರ ವಿರೋಧಿಗಳೆಂದು ಮೂವತ್ತು ವರ್ಷ ವಾದ ನಡೆಯಿತು. ಆದರೆ ತಲಾ ಸಮಪಾಲಿನ ಮಾತನ್ನು ಕೊನೆಯವರೆಗೆ ಹಿಡಿದುಕೊಂಡು ಹೋದರೆ ಅದು ತಾನಾಗಿ ವಾತಾವರಣದ ಅಳತೆಗೆ ಹೋಗಿ ಸೇರುತ್ತದೆ, ಮುಂದೆ ಹೋಗಬೇಕಾದವರು ಮುಂದೆ ಹೋದರೆ ಮಾತ್ರ. ಅವರು ಹೋಗದಿದ್ದರೆ ಈ ಎಳೆ ಇಬ್ಬರನ್ನೂ ಕಟ್ಟುವುದಿಲ್ಲ. ಐಪಿಸಿಸಿಯ ಲೆಕ್ಕದಂತೆ 1.5 ಡಿಗ್ರಿಯಲ್ಲಿ ನಿಲ್ಲುವ ಅರ್ಧದಷ್ಟು ಸಂಭವ ಉಳಿಯಬೇಕಾದರೆ 2020ರ ಆರಂಭದಿಂದ ಜಗತ್ತಿಗೆ ಉಳಿದದ್ದು 50,000 ಕೋಟಿ ಟನ್. ವರ್ಷಕ್ಕೆ 4,000 ಕೋಟಿ ಟನ್ ಖರ್ಚಾಗುತ್ತಿದೆ. ಭಾರತ ಈಗಲೂ ಶಿಖರದ ವರ್ಷವನ್ನು ಹೇಳಿಲ್ಲ.

ಈ ಎಳೆಯ ಇನ್ನೊಂದು ತುದಿ ನಮ್ಮ ಕೈಯಲ್ಲಿದೆ. ಮುಂಬಯಿ, ದೆಹಲಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿ ಈ ಬರಹವನ್ನು ಓದುತ್ತಿರುವ ನಾವು ಬಹುಪಾಲು ತಿಂಗಳ ಸಂಬಳದವರು. ಬೇಸಿಗೆಯಲ್ಲಿ ಎಸಿ ಹಾಕುವವರು, ಹಬ್ಬಕ್ಕೆ ವಿಮಾನದಲ್ಲಿ ಊರಿಗೆ ಹೋಗುವವರು. ಎರಡು ಟನ್ನಿನ ರಾಷ್ಟ್ರೀಯ ಸರಾಸರಿ ನಮ್ಮದಲ್ಲ. ಅದು ಪಾವಗಡದ ಕೂಲಿಯವಳನ್ನೂ ನಮ್ಮನ್ನೂ ಕೂಡಿಸಿ ಭಾಗಿಸಿದ ಅಂಕಿ. ಅದು ಅಷ್ಟು ಕಡಿಮೆ ಇರುವುದು ಅವಳ ದೆಸೆಯಿಂದ. ಭಾರತದ ಪ್ರತಿನಿಧಿ ಮುಂದಿನ ಸಭೆಯಲ್ಲಿ ಎದ್ದು ನಿಂತು ತಲಾ ಲೆಕ್ಕ ಹೇಳುವಾಗ ವಾದಿಸುವುದು ಅವಳ ಪರವಾಗಿ. ಆ ವಾದ ಗೆದ್ದರೆ ಸಿಗುವ ಅವಕಾಶದಲ್ಲಿ ಅವಳ ಮನೆಗೆ ಎಷ್ಟು ಹೋಗುತ್ತದೆ, ನಮ್ಮ ಮನೆಗೆ ಎಷ್ಟು ಎಂಬ ಲೆಕ್ಕವನ್ನು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.